ಮೈಕ್‌ಸೆಟ್ಟಿನವನ ಪಾಲಿನ ಚರಿತ್ರೆ

2023ರ ಜುಲೈ 24ರಂದು ತಿರುವನಂತಪುರದ ಅಯ್ಯಂಕಾಳಿ ಹಾಲ್‌ನಲ್ಲಿ ಉಮ್ಮನ್ ಚಾಂಡಿಯವರ ಸಂಸ್ಮರಣ ಸಭೆ ನಡೆಯಿತು. ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು ಮಾತನಾಡುತ್ತಿದ್ದಾಗ ಮೈಕು ಕೆಲವು ಕ್ಷಣ ಕೂಗಿಕೊಂಡಿತು. ಇಷ್ಟಕ್ಕೇ ಪೊಲೀಸರು ತಾವಾಗಿ ಮೊಕದ್ದಮೆ ದಾಖಲಿಸಿ ಮೈಕು, ಆಂಪ್ಲಿಫೈಯರುಗಳನ್ನು ವಶಕ್ಕೆ ತೆಗೆದುಕೊಂಡರು. ಮುಂದಿನ ಕ್ರಮ ಬೇಡವೆಂದು ಮುಖ್ಯಮಂತ್ರಿಗಳೇ ಹೇಳಿದ ಮೇಲೆ ಪ್ರಕರಣ ಅಲ್ಲಿಗೆ ನಿಂತಿತು. ಈ ಸುದ್ದಿ ಬಂದ ದಿನ ನಮ್ಮ ಬ್ಯಾಂಕಿನಲ್ಲಿ ಚಹದ ಹೊತ್ತಿಗೆ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಕಾರಣವನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ಊರು ಉದ್ದನಪಲ್ಲಿ. ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿದೆ. ಊರಿನ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಆದ್ದರಿಂದ ಈ ವಾರ್ಷಿಕದ ಓದುಗರಿಗೂ ನಮಗೂ ಒಂದು ವಿಧದ ನೆಂಟಸ್ತಿಕೆ ಇದೆ. ಶಾಲೆಯಲ್ಲಿ ನಾನು ಓದಿದ್ದು ತಮಿಳು ಮಾಧ್ಯಮದಲ್ಲಿ. ನನ್ನ ಕನ್ನಡ ಬಹುಮಟ್ಟಿಗೆ ಕಿವಿಯಿಂದ ಬಂದದ್ದು: ಜಾತ್ರೆಯ ರಾತ್ರಿ ನಡೆಯುವ ಪೌರಾಣಿಕ ನಾಟಕಗಳಿಂದ, ಮರಕ್ಕೆ ಕಟ್ಟಿದ ಸ್ಪೀಕರಿನಿಂದ ಬರುತ್ತಿದ್ದ ಗುರುರಾಜುಲು ನಾಯ್ಡು ಅವರ ಹರಿಕಥೆಯ ಕ್ಯಾಸೆಟ್ಟುಗಳಿಂದ. ಆ ಸ್ಪೀಕರನ್ನು ಮರಕ್ಕೆ ಕಟ್ಟುತ್ತಿದ್ದವರು ನನ್ನ ಸೋದರಮಾವ. ಸುತ್ತಲಿನ ಹಳ್ಳಿಗಳಿಗೆ ಅವರದೇ ಮೈಕ್‌ಸೆಟ್ಟು. ಹತ್ತನೆಯ ವಯಸ್ಸಿನಿಂದ ಹದಿನೇಳರ ತನಕ ನಾನು ಅವರ ಕೈಯಾಳು.

ನಮ್ಮ ರಂಗಭೂಮಿಯ ಚರಿತ್ರೆಯನ್ನು ಬರೆದವರು ನಟರನ್ನು, ಕವಿಗಳನ್ನು, ಕಂಪನಿ ಮಾಲೀಕರನ್ನು ಸ್ಮರಿಸಿದ್ದಾರೆ. ಮೈಕಿನವನಿಗೆ ಅಲ್ಲಿ ಜಾಗ ಸಿಕ್ಕಿಲ್ಲ. ಅವನ ಕಷ್ಟ ತಿಳಿಯಬೇಕಾದರೆ ಅವನು ಬರುವುದಕ್ಕೆ ಮುಂಚಿನ ಕಾಲಕ್ಕೆ ಸ್ವಲ್ಪ ಹೋಗಬೇಕು.

ಮೈಕು ಇಲ್ಲದ ಕಾಲದಲ್ಲಿ ದೂರಕ್ಕೆ ಕೇಳಿಸುವ ಭಾರವೆಲ್ಲ ಕಲಾವಿದನ ಮೇಲೆಯೇ ಇತ್ತು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯಂಥ ನಾಟಕ ಸಂಸ್ಥೆಗಳಲ್ಲಿ ಕೊನೆಯ ಬೆಂಚಿನವನಿಗೂ ಕೇಳಿಸುವಂತೆ ಮಾತನಾಡಬಲ್ಲವನೇ ನಟ. ಹಾಡುವವರು ಏರುಶ್ರುತಿಯನ್ನೇ ಹಿಡಿಯಬೇಕಿತ್ತು. ತಗ್ಗು ದನಿ ಗುಂಪಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಸಂಗೀತಗಾರರಿಗೂ ಇದೇ ಚಿಂತೆ. ಮೈಸೂರಿನ ಟಿ. ಚೌಡಯ್ಯನವರು (1895–1967) 1927ರಲ್ಲಿ ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಸಭಾಂಗಣದ ಹಿಂದಿನ ಸಾಲಿಗೆ ನಾದ ತಲುಪಬೇಕೆಂಬುದೇ ಅದರ ಉದ್ದೇಶ. ಇಂದು ಮೈಕಿನವನು ಮಾಡುವ ಕೆಲಸವನ್ನು ಚೌಡಯ್ಯನವರು ತಮ್ಮ ವಾದ್ಯದಲ್ಲೇ ಮಾಡಿಕೊಂಡರು ಎನ್ನಬಹುದು. ಯಕ್ಷಗಾನದಲ್ಲಂತೂ ಚೆಂಡೆಯ ಅಬ್ಬರವನ್ನು ದಾಟಿ ಹೋಗದ ಕಂಠಕ್ಕೆ ಭಾಗವತಿಕೆಯೇ ಇರಲಿಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರ (1938–2023) ಏರುದನಿ ಎಂಥದೆಂಬುದನ್ನು ಈ ಪತ್ರಿಕೆಯ ಹಿರಿಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಧ್ವನಿವರ್ಧಕ ಹುಟ್ಟಿದ್ದು ದೂರದ ಅಮೆರಿಕದಲ್ಲಿ. ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬ ಇಬ್ಬರು 1915ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿನ ಹಿಂದಿನ ದಿನ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಜನಸ್ತೋಮದ ಮುಂದೆ ಅದನ್ನು ಮಾತನಾಡಿಸಿ ತೋರಿಸಿದರು. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಶಿಕಾಗೋ ರೇಡಿಯೋ ಕಂಪನಿಯ ಧ್ವನಿವರ್ಧಕಗಳು ಕಾಂಗ್ರೆಸ್ ಸಭೆಗಳಿಗೆ ಬಂದವು. ಅಹುಜಾ ಕಂಪನಿ ಪ್ರಾರಂಭವಾದದ್ದು 1940ರಲ್ಲಿ. ಹಳ್ಳಿಯ ಮೈಕ್‌ಸೆಟ್ಟಿನವನ ಪೆಟ್ಟಿಗೆಯ ಮೇಲೆ ಕಾಣುತ್ತಿದ್ದದ್ದು ಹೆಚ್ಚಾಗಿ ಆ ಹೆಸರೇ. ರಾಜಕೀಯ ಭಾಷಣಕ್ಕೆಂದು ಬಂದ ಯಂತ್ರ ಕ್ರಮೇಣ ನಾಟಕ, ಹರಿಕಥೆ, ಕಚೇರಿ, ಯಕ್ಷಗಾನದ ಡೇರೆ ಎಲ್ಲವನ್ನೂ ಹೊಕ್ಕಿತು.

ಇದರಿಂದ ಕಲೆಯ ಸ್ವರೂಪವೇ ಬದಲಾಯಿತು. ಹಾಡುವವರ ಶ್ರುತಿ ಇಳಿಯಿತು. ಕಂಠಕ್ಕೆ ವಿಶ್ರಾಂತಿ ಸಿಕ್ಕಿತು. ಸಣ್ಣ ಪಲುಕು, ಮೆಲ್ಲನೆಯ ಮಾತು ಕೂಡ ಸಾವಿರಾರು ಜನಕ್ಕೆ ತಲುಪುವಂತಾಯಿತು. ಬಡಗುತಿಟ್ಟಿನ ಕಾಳಿಂಗ ನಾವಡರ (1958–1990) ಹಾಡುಗಾರಿಕೆ ಮೈಕು, ಕ್ಯಾಸೆಟ್ಟುಗಳ ಮೂಲಕ ಊರೂರಿಗೆ ಹರಡಿತು. ಕೇರಳದಲ್ಲಿ ವಿ. ಸಾಂಬಶಿವನ್ ಅವರು (1929–1997) ಉತ್ಸವದ ಬಯಲಿನಲ್ಲಿ ನೆರೆದ ಜನಕ್ಕೆ ಕಥಾಪ್ರಸಂಗದಲ್ಲಿ ಒಥೆಲೋವಿನ ಕಥೆ ಹೇಳಿದರು. ಮೈಕಿಲ್ಲದೆ ಅಷ್ಟು ದೊಡ್ಡ ಬಯಲಿಗೆ ಕಥೆ ಹೇಳುವುದು ಹೇಗೆ? ಲಾಭವೇನೋ ಎಲ್ಲರಿಗೂ ಆಯಿತು. ಆದರೆ ಕಲಾವಿದನಿಗೂ ಕೇಳುವವನಿಗೂ ನಡುವೆ ಮೂರನೆಯವನೊಬ್ಬ ಬಂದು ಕುಳಿತ. ಅಲ್ಲಿಯವರೆಗೆ ದನಿ ಹೋಗದಿದ್ದರೆ ತಪ್ಪು ಕಂಠದ್ದು. ಅಲ್ಲಿಂದ ಮುಂದೆ ತಪ್ಪು ಮೈಕಿನವನದು. ನನ್ನ ಮಟ್ಟಿಗೆ ಧ್ವನಿವರ್ಧಕದ ಚರಿತ್ರೆಯಲ್ಲಿ ಇದೇ ಮುಖ್ಯ ಘಟನೆ. ಇದಕ್ಕೆ ಇಸವಿ ಇಲ್ಲ.

ಮೈಕಿನವನ ಕಷ್ಟಗಳಲ್ಲಿ ಮೊದಲನೆಯದು ಆ ಕೂಗು. ಸ್ಪೀಕರಿನಿಂದ ಹೊರಟ ಶಬ್ದ ಮತ್ತೆ ಮೈಕನ್ನು ಹೊಕ್ಕು, ಇನ್ನಷ್ಟು ಹೆಚ್ಚಿ ಸ್ಪೀಕರಿಗೆ ಹೋಗಿ, ಹೀಗೆ ಸುತ್ತುತ್ತ ಸುತ್ತುತ್ತ ಕಿವಿ ಕೊರೆಯುವ ಕೂಗಾಗುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಲಾರ್ಸನ್ ಅವರ ಹೆಸರಿನಲ್ಲಿ ಇದನ್ನು ಲಾರ್ಸನ್ ಪರಿಣಾಮ ಎನ್ನುತ್ತಾರೆ. ಮೈಕು ಬಾಯಿಗೆ ಹತ್ತಿರವಿದ್ದರೆ ತಿರುಪನ್ನು ತಗ್ಗಿಸಿಯೇ ಕೆಲಸ ನಡೆಸಬಹುದು. ದೂರ ಎರಡರಷ್ಟಾದರೆ ಬಾಯಿಂದ ಮೈಕಿಗೆ ಬರುವ ನಾದದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ತಿರುಪು ಏರಿಸಲೇಬೇಕು, ಏರಿಸಿದರೆ ಕೂಗು. ಹೊಸ ಮೈಕುಗಳು ಮುಂದಿನಿಂದ ಬರುವ ದನಿಯನ್ನೇ ಹೆಚ್ಚಾಗಿ ಹಿಡಿದು ಹಿಂದಿನದನ್ನು ಬಿಡುತ್ತವೆ. ಆದರೆ ಹಾಡುವವನು ಅದರ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದನೋ, ಆ ಗುಣವೇ ಹೋಗಿ ನಾಲ್ಕು ಕಡೆಯಿಂದಲೂ ಶಬ್ದ ನುಗ್ಗುತ್ತದೆ. ಕೂಗು ಬಂದಾಗ ಅವನು ಮೈಕಿನವನತ್ತ ಕೆಂಗಣ್ಣು ಬಿಡುತ್ತಾನೆ. ತನ್ನ ಕೈಯನ್ನು ನೋಡಿಕೊಳ್ಳುವುದಿಲ್ಲ.

ಎರಡನೆಯದು 'ನನ್ನದು ಏರಿಸಿ' ಎಂಬ ಕೈಸನ್ನೆ. ಪಿಟೀಲಿನವರು ಸನ್ನೆ ಮಾಡಿದರೆ ಮೃದಂಗದವರು ಸುಮ್ಮನಿರುವುದಿಲ್ಲ. ಇಬ್ಬರದೂ ಏರಿದ ಮೇಲೆ ಹಾಡುವವರ ಸರದಿ. ಹೀಗೆ ಏರುತ್ತ ಹೋದರೆ ಮುಗಿಯುವುದು ಅದೇ ಕೂಗಿನಲ್ಲಿ. ಇದರಲ್ಲಿ ಒಂದು ತಮಾಷೆಯೂ ಇದೆ. ವಿದ್ವಾಂಸರು ತಮ್ಮ ದನಿ ತಮಗೆ ಕೇಳಿಸಲೆಂದು ವೇದಿಕೆಯ ಮೇಲೆ ಇಡಿಸುವ ಸ್ಪೀಕರಿಗೆ 'ಫೀಡ್‌ಬ್ಯಾಕ್' ಎನ್ನುತ್ತಾರೆ. ಮೈಕಿನವನ ಶಬ್ದಕೋಶದಲ್ಲಿ ಆ ಕೂಗಿಗೇ ಫೀಡ್‌ಬ್ಯಾಕ್ ಎಂದು ಹೆಸರು. ಅವರು ಕೇಳುವುದೂ ಇವನು ಹೆದರುವುದೂ ಒಂದೇ ಮಾತಿಗೆ!

ಮೂರನೆಯದು ನಾಟಕ, ಆಟಗಳಿಗೆ ವಿಶೇಷವಾದದ್ದು. ನಮ್ಮ ಕಡೆ 'ಕುರುಕ್ಷೇತ್ರ' ನಾಟಕದಲ್ಲಿ ಮೈಕುಗಳನ್ನು ಮೇಲಿನಿಂದ ತೂಗಿಬಿಡುತ್ತೇವೆ. ಪಾತ್ರಧಾರಿಗಳು ತಮ್ಮ ಪಾತ್ರಕ್ಕೆ ಹಣ ಕೊಟ್ಟಿರುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು. ಹಣ ಕೊಟ್ಟವರೆಲ್ಲ ಒಂದೇ ಮೈಕಿನ ಕೆಳಗೆ ನಿಲ್ಲಲು ಬರುತ್ತಾರೆ. ಭೀಮನ ಗದೆ ಮೈಕಿಗೆ ತಗಲುತ್ತದೆ. ನಿಮ್ಮ ಕಡೆ ಕಿರೀಟ ತಗಲುತ್ತದೆ, ಅಷ್ಟೇ ವ್ಯತ್ಯಾಸ. ಇದಲ್ಲದೆ ಹಳ್ಳಿಯ ಕರೆಂಟು ಇಳಿದರೂ ಬ್ಯಾಟರಿ ಸೋತರೂ ಮೈಕಿನವನೇ ಉತ್ತರ ಹೇಳಬೇಕು. ಆಟಕ್ಕೆ ಮುಂಚೆ ಒಂದು ಸಲ ಬಂದು ದನಿ ನೋಡಿಕೊಳ್ಳಿ ಎಂದು ನಮ್ಮ ಮಾವ ಕೇಳಿಕೊಂಡರೆ, ಬಣ್ಣದ ಕೋಣೆಯಿಂದ ಬರುತ್ತಿದ್ದ ಉತ್ತರ ಒಂದೇ: 'ನಮಗೇನು ಹೊಸದೇ?'

ಹಾಗೆಂದು ಕಲಾವಿದರದ್ದೇ ತಪ್ಪೆಂದು ನಾನು ಹೇಳುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ನೂರು ಮೀಟರು ದೂರದ ಮರದಲ್ಲಿ ಕಟ್ಟಿದ ಸ್ಪೀಕರಿನಿಂದ ಹಾಡುವವನಿಗೆ ತನ್ನದೇ ದನಿ ಹೆಚ್ಚುಕಡಿಮೆ ಸೆಕೆಂಡಿನ ಮೂರನೆಯ ಒಂದು ಭಾಗ ತಡವಾಗಿ ಬಂದು ಮುಟ್ಟುತ್ತದೆ. ಅದನ್ನು ಕೇಳುತ್ತ ತಾಳ ತಪ್ಪದೆ ಹಾಡುವುದು ಸುಲಭವಲ್ಲ. ಕಹಳೆಯಾಕಾರದ ಸ್ಪೀಕರಿನಲ್ಲಿ ತಗ್ಗಿನ ನಾದ ಬರುವುದೇ ಇಲ್ಲ. ಮೃದಂಗದ ಎಡಬದಿ ಎಲ್ಲಿ ಹೋಯಿತೆಂದು ಕೇಳುವ ವಿದ್ವಾಂಸರ ಮಾತು ನ್ಯಾಯವಾದದ್ದೇ. ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರ ಬಳಿ ಕಲಿತ ಪದ್ಯ ಜನಕ್ಕೆ ಹೇಗೆ ಕೇಳಿಸುತ್ತಿದೆಯೆಂದು ಹಾಡುವವನಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ಮೈಕಿನವನೊಬ್ಬನಿಗೆ. ತನ್ನ ದನಿ ಇನ್ನೊಬ್ಬನ ಬೆರಳಿನಲ್ಲಿದೆ ಎಂಬ ಭಯದಿಂದಲೇ ಸಂಶಯ ಹುಟ್ಟುತ್ತದೆ.

ಆ ಸಂಶಯವನ್ನು ನಾನು 1994ರಲ್ಲಿ ಕಣ್ಣಾರೆ ಕಂಡೆ. ಪಕ್ಕದ ಹಳ್ಳಿಯೊಂದರಲ್ಲಿ ಕುರುಕ್ಷೇತ್ರ. ನನಗೆ ಹದಿನಾಲ್ಕು ವರ್ಷ. ಮಾವ ದೂರದ ಸ್ಪೀಕರಿನ ತಂತಿ ನೋಡಲು ಹೋಗಿದ್ದರು. ಆಂಪ್ಲಿಫೈಯರಿನ ಮುಂದೆ ನಾನೊಬ್ಬನೇ. ಕೃಷ್ಣನ ಪಾತ್ರದವರು ಎರಡನೆಯ ಮೈಕಿನ ಕೆಳಗೆ ನಿಂತು ಹಾಡಲು ತೊಡಗಿದೊಡನೆ ಕೂಗು ಬಂತು. ನಾನು ಹೆದರಿ ಎರಡನೆಯ ತಿರುಪನ್ನು ಪೂರ್ತಿ ಇಳಿಸಿದೆ. ಕೂಗು ನಿಂತಿತು. ಮತ್ತೆ ಏರಿಸಲು ಕೈ ಬರಲಿಲ್ಲ. ಅವರು ಕಣ್ಣು ಮುಚ್ಚಿ ತಮ್ಮ ಮುಖ್ಯ ಪದ್ಯವನ್ನು ಕೊನೆಯವರೆಗೆ ಹಾಡಿದರು. ಅದು ಮುಂದಿನ ನಾಲ್ಕು ಸಾಲಿನವರಿಗೆ ಮಾತ್ರ ಕೇಳಿಸಿತು. ಹಿಂದಿನವರು ಶಿಳ್ಳೆ ಹಾಕತೊಡಗಿದಾಗಲೇ ಅವರಿಗೆ ಗೊತ್ತಾದದ್ದು. ಕಿರೀಟ ಸಮೇತ ರಂಗದ ಅಂಚಿಗೆ ಬಂದು, ಇನ್ನೊಂದು ಮೈಕಿನಲ್ಲಿ, ಇಡೀ ಊರಿಗೆ ಕೇಳಿಸುವಂತೆ, 'ಎದುರು ಪಾರ್ಟಿಯವರು ನಿನಗೆ ಎಷ್ಟು ಕೊಟ್ಟರು?' ಎಂದರು.

ಮಾವ ಓಡಿ ಬಂದರು. ತಿರುಪನ್ನು ನೋಡಿದರು, ನನ್ನನ್ನು ನೋಡಿದರು. ತಿರುಪನ್ನು ಸರಿ ಮಾಡಿ, ಎದ್ದು ನಿಂತು, 'ನನ್ನ ಕೈ ತಪ್ಪಿತು ಸ್ವಾಮಿ' ಎಂದು ಕೈಮುಗಿದರು. ಬಾಡಿಗೆಯಲ್ಲಿ ಅರ್ಧ ಹಿಡಿದುಕೊಂಡರು, ಮಾವ ಮಾತನಾಡಲಿಲ್ಲ. ಬೆಳಗಿನ ಜಾವ ಸಾಮಾನು ಹೇರಿಕೊಂಡು ಬರುವಾಗ ಒಂದೇ ಮಾತು ಹೇಳಿದರು: 'ಇಳಿಸಿದ್ದು ತಪ್ಪಲ್ಲ. ಮತ್ತೆ ಏರಿಸದೆ ಇದ್ದೆಯಲ್ಲ, ಅದು ತಪ್ಪು.' ಆ ಊರಿನವರು ಮುಂದೆ ಅವರನ್ನು ಕರೆಯಲಿಲ್ಲ. ಕೃಷ್ಣನ ಪಾತ್ರದವರೂ ಈಗಿಲ್ಲ, ಮಾವನೂ ಇಲ್ಲ. ತಿರುಪು ಇಳಿಸಿದವನು ನಾನೆಂದು ಅವರಿಗೆ ನಾನು ಹೇಳಲೇ ಇಲ್ಲ. ಇಂದು ಇಲ್ಲಿ ಬರೆಯುತ್ತಿದ್ದೇನೆ.

ಈಚೆಗೆ ಕಾಲ ಇನ್ನೊಂದು ತಿರುವು ಪಡೆದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಈ ನಿಯಮದ ಕಾರಣದಿಂದ 2022ರ ತಿರುಗಾಟದಲ್ಲಿ ಕಟೀಲು ಮೇಳದ ಆಟಗಳೂ ಕಾಲಮಿತಿಗೆ ಬಂದದ್ದು ಓದುಗರಿಗೆ ತಿಳಿದಿದೆ. ರೋಗಿಗಳು, ಓದುವ ಮಕ್ಕಳು ಇರುವ ಊರಿನಲ್ಲಿ ನಿಯಮ ಬೇಡವೆನ್ನಲಾರೆ. ಆದರೆ ಗಡುವು ಮುಗಿದಾಗ ಪೊಲೀಸರು ಮೊದಲು ಬರುವುದು ಆಂಪ್ಲಿಫೈಯರಿನ ಬಳಿಗೆ. ದನಿ ನಿಲ್ಲಿಸಿದರೆ ರಂಗದ ಮೇಲಿನವರ ಬೈಗುಳ, ನಿಲ್ಲಿಸದಿದ್ದರೆ ಸೆಟ್ಟು ಠಾಣೆಗೆ. ತಿರುವನಂತಪುರದ ಸುದ್ದಿ ಓದಿದಾಗ ನನಗೆ ನಗು ಬಾರದಿದ್ದುದಕ್ಕೆ ಕಾರಣ ಇಷ್ಟೇ.

ನಮ್ಮಂಥ ಗಡಿಯ ಊರುಗಳಲ್ಲಿ ಕನ್ನಡ ನಾಟಕ ವರ್ಷಕ್ಕೆ ಒಂದು ಸಲ ನಡೆದರೆ ಅದೇ ದೊಡ್ಡದು. ಅದನ್ನು ಕೇಳಿ ನಾಲ್ಕು ಕನ್ನಡ ಮಾತು ಕಲಿಯುವ ಮಕ್ಕಳು ಇನ್ನೂ ಹಿಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಅವರಿಗೆ ಮಾತು ತಲುಪಬೇಕಾದರೆ ನಟನೂ ಮೈಕಿನವನೂ ಎದುರು ಪಾರ್ಟಿಯಾಗಿ ಉಳಿಯಬಾರದು. ಬಣ್ಣ ಹಚ್ಚುವ ಮುಂಚೆ ಅರ್ಧ ಗಂಟೆ ಬಂದು ದನಿ ನೋಡಿಕೊಂಡರೆ ರಾತ್ರಿಯ ಜಗಳದಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಇನ್ನೊಂದು ವಿನಂತಿ ಕಾರ್ಯಕ್ರಮ ನಡೆಸುವವರಿಗೆ. ಕರಪತ್ರದಲ್ಲಿ ದಾನಿಗಳ ಹೆಸರಿರುತ್ತದೆ, ಹೂವಿನ ಅಲಂಕಾರದವರ ಹೆಸರಿರುತ್ತದೆ. ಕೊನೆಯಲ್ಲಿ 'ಮೈಕ್‌ಸೆಟ್' ಎಂದು ಬರೆದು ಮುಂದೆ ಒಬ್ಬ ಮನುಷ್ಯನ ಹೆಸರು ಹಾಕಿ. ಒಂದು ಸಾಲಿಗೆ ಅಚ್ಚಿನ ಖರ್ಚೇನೂ ಹೆಚ್ಚಾಗುವುದಿಲ್ಲ.