ಕೊಡಲಿಯ ಬೊಡ್ಡೆ, ಗರಗಸದ ಬೊಡ್ಡೆ

ಹೋದ ಬೇಸಗೆಯಲ್ಲಿ ನಮ್ಮ ಕಾಲೇಜಿನ ಕೆಲವು ಹುಡುಗರು ಸಾಗರದ ಬಳಿಯ ಹೊನ್ನೇಮರಡುವಿನಲ್ಲಿ ಎರಡು ರಾತ್ರಿ ಬಿಡಾರ ಹೂಡಲು ಹೊರಟು, ಜೊತೆಗೆ ನನ್ನನ್ನೂ ಎಳೆದುಕೊಂಡರು. ಸಾಮಾನು ಕಟ್ಟುವಾಗ ಒಬ್ಬನು, "ಸಾರ್, ಸೌದೆಗೆ ಕೊಡಲಿ ಒಯ್ಯೋಣವೋ, ಗರಗಸ ಸಾಕೋ?" ಎಂದು ಕೇಳಿದ. ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆ ಇದಲ್ಲ. ಆದರೆ ಮಲೆನಾಡಿನವನನ್ನು ಕೇಳಬಹುದಾದುದೇ. "ಎರಡೂ ಇರಲಿ" ಎಂದು ಜಾರಿಕೊಂಡೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಚರಿತ್ರೆಯ ಒಂದು ಭಾಗ ಈ ಎರಡು ಆಯುಧಗಳ ನಡುವೆಯೇ ಅಡಗಿದೆ.

ಮೊದಲು ಮಾತಿನಿಂದಲೇ ಹೊರಡೋಣ. ಕೊಡಲಿ ನಮ್ಮ ಮನೆಯ ಮಾತು. ತಮಿಳಿನಲ್ಲಿ ಕೋಡಾಲಿ, ತೆಲುಗಿನಲ್ಲಿ ಗೊಡ್ಡಲಿ. ದ್ರಾವಿಡ ಬಳಗದಲ್ಲೆಲ್ಲ ಅದಕ್ಕೆ ನೆಂಟರುಂಟು. ಗರಗಸವಾದರೋ ಸಂಸ್ಕೃತದ 'ಕ್ರಕಚ'ದ ತದ್ಭವ. ಹೆಸರು ಹೊರಗಿನಿಂದ ಬಂದಿತೆಂದ ಮಾತ್ರಕ್ಕೆ ಆಯುಧವೂ ಹೊರಗಿನದೆಂದು ಹೇಳಲಾಗದು. ಆದರೂ ಒಂದು ಮನೆಯೊಳಗಿನ ಮಾತು, ಇನ್ನೊಂದು ಕಸುಬಿನ ಮಾತು ಎಂಬ ಭಾವನೆ ನಮ್ಮಲ್ಲಿ ಇಂದಿಗೂ ಉಳಿದಿದೆ. ರೈತನ ಮನೆಯಲ್ಲಿ ಕೊಡಲಿ ಇಲ್ಲದಿರುವುದುಂಟೆ? ಗರಗಸ ಬೇಕಾದರೆ ಬಡಗಿಯನ್ನು ಕರೆಯಬೇಕು.

ಎರಡರ ಕೆಲಸವೂ ಬೇರೆ. ಕೊಡಲಿ ಮರದ ಎಳೆಯನ್ನು ಅನುಸರಿಸುತ್ತದೆ. ಕೊರಡನ್ನು ನಿಲ್ಲಿಸಿ ಎಳೆಗುಂಟ ಹೊಡೆದರೆ ಒಂದೇ ಪೆಟ್ಟಿಗೆ ಎರಡು ಹೋಳು. ಅಡ್ಡಕ್ಕೆ ಕಡಿಯಹೊರಟರೆ ಎರಡೂ ಕಡೆಯಿಂದ ಓರೆಯಾಗಿ ಹೊಡೆಯಬೇಕು. ಬಹಳಷ್ಟು ಮರ ಚಕ್ಕೆಯಾಗಿ ಹಾರಿಹೋಗುತ್ತದೆ. ಗರಗಸಕ್ಕೆ ಅಡ್ಡ ಕೊಯ್ಯುವುದೇ ಸಲೀಸು. ಅದರ ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸಿರುತ್ತಾರೆ. ಆದುದರಿಂದ ಕೊಯ್ದ ಸಂದು ಅಲಗಿಗಿಂತ ತುಸು ಅಗಲವಾಗಿ, ಗರಗಸ ಸಿಕ್ಕಿಕೊಳ್ಳದೆ ಓಡಾಡುತ್ತದೆ. ನಷ್ಟವಾಗುವುದು ಒಂದು ಹಿಡಿ ಹೊಟ್ಟು ಮಾತ್ರ. ಹಲಗೆಯ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ದಿಮ್ಮಿಯನ್ನು ಸೀಳಿ ಬಾಚಿಯಿಂದ ಕೆತ್ತಿದರೆ ಸಿಕ್ಕುವ ಹಲಗೆ ಬೆರಳೆಣಿಕೆಯಷ್ಟು. ಗರಗಸದಿಂದ ಕೊಯ್ದರೆ ಅದರ ಹಲವು ಪಾಲು.

ಹಾಗಾದರೆ ಗರಗಸವೇ ಕಾಡಿಗೆ ಮಿತ್ರನಲ್ಲವೇ? ಲೆಕ್ಕ ಹಾಗೆನ್ನುತ್ತದೆ, ಚರಿತ್ರೆ ಬೇರೆಯದನ್ನು ಹೇಳುತ್ತದೆ.

ಹಳೆಯ ಮಲೆನಾಡಿನ ಗೃಹಸ್ಥನಿಗೆ ಬೇಕಾಗಿದ್ದುದು ಒಲೆಗೆ ಸೌದೆ, ನೇಗಿಲಿಗೆ ಮರ, ಮನೆಗೆ ಕಂಬ, ಅಡಕೆ ತೋಟಕ್ಕೆ ಸೊಪ್ಪು. ಸೊಪ್ಪಿನ ಬೆಟ್ಟದಲ್ಲಿ ಕೊಂಬೆ ಸವರಲು ಸೊಂಟದ ಕತ್ತಿ ಸಾಕು, ಮಿಕ್ಕದ್ದಕ್ಕೆ ಕೊಡಲಿ. ಹೊತ್ತು ತರುವಷ್ಟನ್ನೇ ಕಡಿಯುವುದು. ತೋಳು ಸೋತಾಗ ಕೆಲಸವೂ ನಿಲ್ಲುವುದು. ತೀರ್ಥಹಳ್ಳಿಗೆ ತೀರ್ಥವೆಂಬ ಹೆಸರು ಬಂದುದೇ ಒಂದು ಕೊಡಲಿಯಿಂದ. ತಾಯಿಯನ್ನು ಕೊಂದ ಪರಶುರಾಮನ ಪರಶುವಿಗೆ ಅಂಟಿದ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ, ಇಲ್ಲಿ ತುಂಗೆಯಲ್ಲಿ ಅದ್ದಿದಾಗ ಕರಗಿತೆಂದು ಸ್ಥಳಪುರಾಣ. ಎಳ್ಳಮಾವಾಸ್ಯೆಯ ಜಾತ್ರೆಗೆ ಬಂದವರು ಇಂದಿಗೂ ಅದೇ ನೀರಿನಲ್ಲಿ ಮೀಯುತ್ತಾರೆ.

ಮರಗಳಲ್ಲಿ ಶ್ರೀಗಂಧದ್ದೊಂದು ಪ್ರತ್ಯೇಕ ಕಥೆ. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಬೇರಿನಲ್ಲೂ ಎಣ್ಣೆಯಿರುವುದರಿಂದ ಗಂಧವನ್ನು ಕಡಿದು ಕೆಡವುವುದಿಲ್ಲ, ಅಗೆದು ಬೇರುಸಹಿತ ಕೀಳುತ್ತಾರೆ. ತೊಗಟೆಯನ್ನೂ ಬಿಳಿಯ ಮರವನ್ನೂ ಕೆತ್ತಿದ ಮೇಲೆ ಚೇಗನ್ನು ಗರಗಸದಿಂದ ತುಂಡುಮಾಡುವುದು. ಚೂರಿಗೂ ಹೊಟ್ಟಿಗೂ ಬೆಲೆ. ಸಾಗರದ ಗುಡಿಗಾರರ ಕೈಯಲ್ಲಿ ಈ ಮರ ಪಡೆದ ರೂಪಗಳನ್ನು ಕಂಡವರಿಗೆ, ಜಿಪುಣತನವೂ ಒಂದು ಕಲೆಯೇ ಎನಿಸೀತು.

ಗಂಧಕ್ಕೆ ದೊರೆತ ಈ ಎಚ್ಚರ ಇತರ ಮರಗಳಿಗೆ ದೊರೆಯಲಿಲ್ಲ. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಮರವು ಅಳತೆಯ ಸರಕಾಯಿತು. ಭದ್ರಾವತಿಯಲ್ಲಿ 1923ರಲ್ಲಿ ಹೊತ್ತಿದ ಕಬ್ಬಿಣದ ಕುಲುಮೆ ಇದ್ದಿಲನ್ನು ತಿನ್ನುವ ಕುಲುಮೆ. ಇದ್ದಿಲೆಂದರೆ ಮಲೆನಾಡಿನ ಮರವೇ. 1940ರ ಹೊತ್ತಿಗೆ ರೈಲು ಸಾಗರವನ್ನು ದಾಟಿ ತಾಳಗುಪ್ಪವನ್ನು ಮುಟ್ಟಿತು. ಹೊತ್ತು ತರುವ ಮಿತಿ ಹೋಗಿ ವ್ಯಾಗನ್ನಿನ ಮಿತಿ ಬಂದಿತು. ಇಬ್ಬರು ಎಳೆಯುವ ಉದ್ದ ಗರಗಸ ಒಂದೊಂದು ಮರದಲ್ಲಿ ಉಳಿತಾಯ ಮಾಡಿರಬಹುದು. ಆದರೆ ಆ ಉಳಿತಾಯವೇ ಮರವನ್ನು ಲಾಭದ ವಸ್ತುವಾಗಿಸಿ ಇನ್ನಷ್ಟು ಮರಗಳನ್ನು ಬೇಡಿತು. ಕೊಡಲಿಯ ಕಾವು ಕುಲಕ್ಕೆ ಸಾವು ಎಂದು ಗಾದೆ ಮಾಡಿದವರು ಗರಗಸವನ್ನು ಬಿಟ್ಟದ್ದೇಕೋ!

ಇನ್ನು ಶರಾವತಿಯ ಮಾತು. 1948ರಲ್ಲಿ ಹಿರೇಭಾಸ್ಕರದ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಎರಡನೆಯದರ ನೀರಿನಲ್ಲಿ ಮೊದಲನೆಯದೇ ಮುಳುಗಿತು. ಸಾಗರ, ಹೊಸನಗರ ತಾಲೂಕುಗಳ ಹಳ್ಳಿಗಳು, ಗದ್ದೆ ತೋಟಗಳು, ಕಾನುಗಳೂ ಮುಳುಗಿದುವು. ನಾಡಿಗೆ ದೀಪ ಬಂದಿತು. ಊರು ತೊರೆದವರು ಕೊಟ್ಟ ಬೆಲೆಯನ್ನು ಅದೇ ದೀಪದ ಬೆಳಕಿನಲ್ಲಿ ನಾವು ಓದಬೇಕಾಗಿದೆ.

ಹೊನ್ನೇಮರಡುವಿರುವುದು ಈ ಹಿನ್ನೀರಿನ ದಡದಲ್ಲಿಯೇ. ನಾವು ಹೋದಾಗ ನೀರು ಇಳಿದು ಬೊಡ್ಡೆಗಳು ಮೇಲೆದ್ದಿದ್ದುವು. ಹುಡುಗರಿಗೆ ತೋರಿಸಿದೆ: ಓರೆಯಾಗಿ ಕೊಕ್ಕಿನಂತೆ ನಿಂತದ್ದು ಕೊಡಲಿಯ ಬೊಡ್ಡೆ, ಮಣೆಯಂತೆ ಚಪ್ಪಟೆಯಾದದ್ದು ಗರಗಸದ್ದು. ಅವರು ಎಣಿಸತೊಡಗಿದರು, ಸ್ವಲ್ಪ ಹೊತ್ತಿನಲ್ಲೇ ಎಣಿಕೆ ಬಿಟ್ಟರು.

ಸೌದೆಯನ್ನು ನಾವು ಸಾಗರದಲ್ಲಿಯೇ ಕೊಂಡು ತಂದಿದ್ದೆವು. ಆಚೆಯ ಶರಾವತಿ ಕಣಿವೆ 1972ರಿಂದ ಅಭಯಾರಣ್ಯ. ಅಲ್ಲಿ ಮರಕ್ಕೆ ಕೈಯಿಡುವಂತಿಲ್ಲ, ಇಡಲೂಬಾರದು. ಕೊರಡುಗಳನ್ನು ಒಂದು ಮೊಳದುದ್ದಕ್ಕೆ ಸಣ್ಣ ಗರಗಸ ಕೊಯ್ದುಕೊಟ್ಟಿತು, ಕೊಡಲಿ ಸೀಳಿತು. ಕೊಡಲಿ ದೊಡ್ಡದಾಗಬೇಕಿಲ್ಲ, ಕಾವು ದಡಸಲಿನಂಥ ಬಳುಕುವ ಮರದ್ದಾಗಿ, ಬೆಣೆ ಬಿಗಿಯಾಗಿ, ಬಾಯಿ ಹರಿತವಾಗಿದ್ದರೆ ಸಾಕು. ಮೊಂಡು ಕೊಡಲಿ ಜಾರಿ ಕಾಲಿಗೆ ಬೀಳುತ್ತದೆ. ಅಡುಗೆಗೆ ಬೇಕಾದಷ್ಟನ್ನೇ ಸೀಳಿ ನಿಲ್ಲಿಸಿದೆವು.

ರಾತ್ರಿ ಒಲೆಯ ಮುಂದೆ ಕುಳಿತು, ಮೊದಲು ಪ್ರಶ್ನೆ ಕೇಳಿದ್ದ ಹುಡುಗನಿಗೆ ಪರಶುರಾಮನ ಕಥೆ ಹೇಳಿದೆ. ಅವನು ಬೊಡ್ಡೆಗಳಿದ್ದ ಕಡೆ ನೋಡುತ್ತ, "ಆ ಕಲೆ ತುಂಗೆಯಲ್ಲಿ ಹೋಯಿತು, ಸಾರ್. ಇಲ್ಲಿ ಪ್ರತಿ ಬೇಸಗೆಯೂ ಮೇಲೇಳುತ್ತದಲ್ಲ!" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.