ಎತ್ತರಕ್ಕೆ ನೀಡುವ ಹಾರ್ಮೋನು: ಸಕ್ಕರೆ, ಕೊಬ್ಬಿನ ಮೇಲೂ ಪ್ರಭಾವ

ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟೇ ಗಾತ್ರದ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಬೆಳವಣಿಗೆಯ ಹಾರ್ಮೋನು 191 ಅಮೈನೋ ಆಮ್ಲಗಳಿಂದಾದ ಪ್ರೋಟೀನು. ಹೆಸರು ಎತ್ತರವನ್ನಷ್ಟೇ ಸೂಚಿಸಿದರೂ ಅದರ ಕಾರ್ಯ ಅಲ್ಲಿಗೇ ಸೀಮಿತವಲ್ಲ. ಮೂಳೆಗಳ ಬೆಳವಣಿಗೆ ನಿಂತ ಮೇಲೂ ಜೀವನಪರ್ಯಂತ ಸ್ರವಿಸುವ ಈ ಹಾರ್ಮೋನು ದೇಹವು ಸಕ್ಕರೆ, ಕೊಬ್ಬು ಹಾಗೂ ಪ್ರೋಟೀನನ್ನು ಬಳಸುವ ರೀತಿಯನ್ನು ನಿಯಂತ್ರಿಸುತ್ತದೆ. ಆದ್ದರಿಂದ ಕುಳ್ಳಗಿರುವ ಮಗುವಿಗೆ ಇದರ ಚುಚ್ಚುಮದ್ದು ನೀಡಿದಾಗ ಬದಲಾಗುವುದು ಮೂಳೆಯ ಉದ್ದವೊಂದೇ ಅಲ್ಲ, ಇಡೀ ಚಯಾಪಚಯ ಕ್ರಿಯೆ.

ಅಮೆರಿಕದ ಮಾರಿಸ್ ರೇಬೆನ್ 1958ರಲ್ಲಿ, ಮೃತದೇಹಗಳ ಪಿಟ್ಯುಟರಿಯಿಂದ ತೆಗೆದ ಹಾರ್ಮೋನು ಪಡೆದ ಹದಿಹರೆಯದ ಹುಡುಗನೊಬ್ಬ ಎತ್ತರ ಬೆಳೆದುದನ್ನು ವರದಿ ಮಾಡಿದರು. ಹೀಗೆ ಚಿಕಿತ್ಸೆ ಪಡೆದವರಲ್ಲಿ ಕೆಲವರು ಮೆದುಳನ್ನು ನಾಶಮಾಡುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗದಿಂದ ಸತ್ತದ್ದು 1985ರಲ್ಲಿ ಬೆಳಕಿಗೆ ಬಂದೊಡನೆ ಆ ಪದ್ಧತಿ ನಿಂತಿತು. ಅದೇ ವರ್ಷ ಜೀನ್ ತಂತ್ರಜ್ಞಾನದಿಂದ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪೂರೈಕೆಯ ಕೊರತೆ ನೀಗಿದಂತೆ ಬಳಕೆಯೂ ಹಬ್ಬಿತು: ಟರ್ನರ್ ಸಿಂಡ್ರೋಮ್, ಪ್ರಾಡರ್–ವಿಲ್ಲಿ ಸಿಂಡ್ರೋಮ್, ಕಡಿಮೆ ತೂಕದೊಂದಿಗೆ ಹುಟ್ಟಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳು, ಕೊನೆಗೆ 2003ರಲ್ಲಿ ಯಾವ ರೋಗವೂ ಪತ್ತೆಯಾಗದ, ಆದರೆ ತೀರಾ ಕುಳ್ಳಗಿರುವ ಮಕ್ಕಳು.

ಚಿಕಿತ್ಸೆಯ ಮೊದಲ ತಿಂಗಳುಗಳಲ್ಲೇ ಮಗು ತುಸು ತೆಳ್ಳಗಾಗುವುದುಂಟು. ಇದಕ್ಕೆ ಹೆತ್ತವರು ಗಾಬರಿಯಾಗಬೇಕಿಲ್ಲ. ಹಾರ್ಮೋನು ಕೊಬ್ಬಿನ ಕೋಶಗಳಲ್ಲಿನ ದಾಸ್ತಾನನ್ನು ಒಡೆದು ಮೇದಾಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ. ಜೊತೆಗೆ ಸ್ನಾಯುಗಳ ಪ್ರಮಾಣ ಹೆಚ್ಚುತ್ತದೆ. ಹಾರ್ಮೋನಿನ ಕೊರತೆಯುಳ್ಳ ಮಕ್ಕಳಲ್ಲಿ ಕೊಲೆಸ್ಟರಾಲ್ ಮಟ್ಟವೂ ಸುಧಾರಿಸುತ್ತದೆ. ಪ್ರಾಡರ್–ವಿಲ್ಲಿ ಮಕ್ಕಳಲ್ಲಂತೂ ಎತ್ತರಕ್ಕಿಂತ ಈ ಲಾಭವೇ ದೊಡ್ಡದು ಎನ್ನಬೇಕು. ಆದರೆ ತೀವ್ರ ಬೊಜ್ಜು ಅಥವಾ ಉಸಿರಾಟದ ಗಂಭೀರ ತೊಂದರೆಯುಳ್ಳ ಅಂಥ ಮಕ್ಕಳಿಗೆ ಈ ಚಿಕಿತ್ಸೆ ನಿಷಿದ್ಧ. ಸಾವು ಸಂಭವಿಸಿದ ನಿದರ್ಶನಗಳಿವೆ.

ಇದರ ಇನ್ನೊಂದು ಮುಖ ಸಕ್ಕರೆಯದು. ಸ್ನಾಯುಗಳು ಮೇದಾಮ್ಲವನ್ನು ಉರಿಸತೊಡಗಿದಾಗ ಗ್ಲೂಕೋಸಿನ ಬಳಕೆ ತಗ್ಗುತ್ತದೆ, ಇನ್ಸುಲಿನ್ನಿನ ಪ್ರಭಾವ ಕುಂದುತ್ತದೆ. ಪಿಟ್ಯುಟರಿಗೂ ಮಧುಮೇಹಕ್ಕೂ ಇರುವ ಈ ನಂಟನ್ನು ತೋರಿಸಿದ ಅರ್ಜೆಂಟೀನಾದ ಬರ್ನಾರ್ಡೊ ಹೂಸೇ ಅವರಿಗೆ 1947ರ ನೊಬೆಲ್ ಪ್ರಶಸ್ತಿ ಸಂದಿತು. (ಬಾಲ್ಯದಲ್ಲಿ ಇದೇ ಹಾರ್ಮೋನಿನ ಚಿಕಿತ್ಸೆ ಪಡೆದ ಫುಟ್‌ಬಾಲ್ ತಾರೆ ಲಿಯೊನೆಲ್ ಮೆಸ್ಸಿಯೂ ಅದೇ ನಾಡಿನವರು.) ಆರೋಗ್ಯವಂತ ಮಗುವಿನ ಮೇದೋಜೀರಕ ಗ್ರಂಥಿಯು ಹೆಚ್ಚು ಇನ್ಸುಲಿನ್ ಸ್ರವಿಸಿ ಕೊರತೆಯನ್ನು ಸರಿದೂಗಿಸುವುದರಿಂದ ರಕ್ತದ ಸಕ್ಕರೆ ಬಹುತೇಕ ಸಹಜ ಮಿತಿಯಲ್ಲೇ ಉಳಿಯುತ್ತದೆ. ಚಿಕಿತ್ಸೆ ನಿಂತ ಮೇಲೆ ಇನ್ಸುಲಿನ್ ಮಟ್ಟವೂ ಸಾಮಾನ್ಯವಾಗಿ ಇಳಿಯುತ್ತದೆ.

ಆದರೆ ಎಲ್ಲರಲ್ಲೂ ಹೀಗಾಗುವುದಿಲ್ಲ. ಚಿಕಿತ್ಸೆ ಪಡೆದ 23,333 ಮಕ್ಕಳ ದಾಖಲೆ ಪರಿಶೀಲಿಸಿ 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದನೇ ಬಗೆಯ ಮಧುಮೇಹ ಹೆಚ್ಚಲಿಲ್ಲ; ಎರಡನೇ ಬಗೆಯದು ಮಾತ್ರ ನಿರೀಕ್ಷೆಗಿಂತ ಸುಮಾರು ಆರು ಪಟ್ಟು ಕಂಡಿತು. ಸಂಖ್ಯೆಯಲ್ಲಿ ಅದು 18 ಮಕ್ಕಳು. ಚುಚ್ಚುಮದ್ದು ನಿಲ್ಲಿಸಿದರೂ ಅವರ ರೋಗ ವಾಸಿಯಾಗಲಿಲ್ಲ. ಮಧುಮೇಹದ ಒಲವು ಮೊದಲೇ ಇದ್ದವರಲ್ಲಿ ಚಿಕಿತ್ಸೆ ಅದನ್ನು ಬೇಗ ಹೊರಗೆಡಹಿರಬಹುದು ಎಂಬುದು ಸಂಶೋಧಕರ ವಿವರಣೆ. ಮಧುಮೇಹ ಮನೆಮನೆಯಲ್ಲೂ ಕಾಣುವ ನಮ್ಮ ದೇಶದಲ್ಲಿ ಕುಟುಂಬದ ಇತಿಹಾಸವನ್ನು ವೈದ್ಯರಿಗೆ ಮರೆಮಾಚದೆ ಹೇಳುವುದು ಈ ಕಾರಣಕ್ಕೇ ಮುಖ್ಯ. ಟರ್ನರ್ ಸಿಂಡ್ರೋಮ್ ಇರುವವರು, ಕಡಿಮೆ ತೂಕದೊಂದಿಗೆ ಹುಟ್ಟಿದವರು ಹಾಗೂ ಬೊಜ್ಜುಳ್ಳವರ ಮೇಲೂ ವಿಶೇಷ ನಿಗಾ ಅಗತ್ಯ.

ಹಾರ್ಮೋನಿನ ತೀವ್ರ ಕೊರತೆಯಿರುವ ಶಿಶುಗಳ ಸ್ಥಿತಿ ಇದಕ್ಕೆ ತೀರಾ ವಿರುದ್ಧ. ಉಪವಾಸದಲ್ಲಿ ಅವರ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ. ಅವರಿಗೆ ಈ ಔಷಧ ಜೀವರಕ್ಷಕ. ಹಾರ್ಮೋನಿಗೆ ದೇಹವೇ ಸ್ಪಂದಿಸದ ಲಾರಾನ್ ಸಿಂಡ್ರೋಮಿನ ಈಕ್ವೆಡಾರ್ ಜನರಲ್ಲಿ, ಬೊಜ್ಜಿದ್ದರೂ ಮಧುಮೇಹ ಕಾಣಲಿಲ್ಲವೆಂದು 2011ರ ವರದಿಯೊಂದು ತಿಳಿಸಿತು.

ಥೈರಾಯ್ಡ್ ಮತ್ತು ಕಾರ್ಟಿಸಾಲ್‌ಗಳ ಅಡಗಿದ್ದ ಕೊರತೆ ಚಿಕಿತ್ಸೆಯ ವೇಳೆ ಬಯಲಾಗಬಹುದು. ದೇಹದಲ್ಲಿ ಲವಣ, ನೀರು ನಿಂತು ಆರಂಭದಲ್ಲಿ ಊತ ಬರುವುದುಂಟು. ತೀವ್ರ ತಲೆನೋವು ಅಥವಾ ದೃಷ್ಟಿ ಮಸುಕಾಗುವುದು ತಲೆಬುರುಡೆಯೊಳಗಿನ ಒತ್ತಡದ ಸೂಚನೆಯಾಗಿರಬಹುದು. ಹೀಗಾಗಿ ರಕ್ತಪರೀಕ್ಷೆಗಳು ಚಿಕಿತ್ಸೆಯುದ್ದಕ್ಕೂ ನಡೆಯಬೇಕು.

ಫ್ರಾನ್ಸಿನ 2012ರ ವರದಿ ಮರಣ ಪ್ರಮಾಣ ಹೆಚ್ಚಿದೆಯೆಂದು ಆತಂಕ ಮೂಡಿಸಿತ್ತು. ಎಂಟು ಯುರೋಪಿಯನ್ ದೇಶಗಳ 2020ರ ವರದಿಯಲ್ಲಿ, ಹಾರ್ಮೋನಿನ ಕೊರತೆ ಮಾತ್ರ ಇದ್ದವರಲ್ಲಿ ಮತ್ತು ಕಾರಣ ತಿಳಿಯದೆ ಕುಳ್ಳಗಿದ್ದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಈ ಎರಡನೇ ಗುಂಪಿನವರಿಗೆ ವರ್ಷಗಟ್ಟಲೆ ಚುಚ್ಚಿಸಿಕೊಂಡ ಮೇಲೆ ದಕ್ಕುವುದು ಸರಾಸರಿ ಐದು ಸೆಂಟಿಮೀಟರಿನಷ್ಟು ಎತ್ತರ. ದುಬಾರಿ ಔಷಧದ ಎದುರು ಇದು ಅಲ್ಪವೆಂದೇ ಹೇಳಬೇಕು. ಇನ್ನು ಅಪೌಷ್ಟಿಕತೆಯಿಂದ ಕುಳ್ಳಗಿರುವ ಮಗುವಿನ ರಕ್ತದಲ್ಲಿ ಹಾರ್ಮೋನು ಸಾಕಷ್ಟಿರುತ್ತದೆ, ಎಷ್ಟೋ ವೇಳೆ ಹೆಚ್ಚೇ ಇರುತ್ತದೆ; ಅದಕ್ಕೆ ಸ್ಪಂದಿಸಬೇಕಾದ ಯಕೃತ್ತು ಮಾತ್ರ ಸ್ಪಂದಿಸುವುದಿಲ್ಲ. ಅಂಥ ಮಗುವಿಗೆ ಬೇಕಿರುವುದು ಊಟ, ಚುಚ್ಚುಮದ್ದಲ್ಲ.