ಅಂತರಜಾಲ ಅನ್ವಯದಿಂದ ಪದಸಂಸ್ಕಾರಕದ ಕಡತಕ್ಕೆ: ಗಣಕನಿರ್ಮಿತ ದಸ್ತಾವೇಜಿನ ಚಾರಿತ್ರಿಕ ಅವಲೋಕನ

ಕರ್ನಾಟಕದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಚೌಕಟ್ಟು ಪರಿಚಿತವಾದುದು. ಪ್ರಶಸ್ತಿ, ಕಾಲನಿರ್ದೇಶ, ದಾನದ ವಿವರ, ಭೂಮಿಯ ಎಲ್ಲೆ, ಶಾಪಾಶಯ ಎಂಬ ಕ್ರಮವು ಬಹುಮಟ್ಟಿಗೆ ಸ್ಥಿರವಾಗಿದ್ದು, ಹೆಸರು, ಊರು, ತಿಥಿಗಳು ಮಾತ್ರ ಬದಲಾಗುತ್ತವೆ. ಸಿದ್ಧಪಠ್ಯದೊಳಗೆ ಹೊಸ ವಿವರಗಳನ್ನು ತುಂಬುವ ಈ ಕ್ರಮವನ್ನೇ ಇಂದಿನ ಅಂತರಜಾಲ ಅನ್ವಯಗಳು ಮುಂದುವರಿಸಿವೆ. ಪ್ರಮಾಣಪತ್ರ, ನೋಟೀಸು, ನಡವಳಿ, ವರದಿಗಳನ್ನು ಅವು ದತ್ತಸಂಚಯದಿಂದ ನೇರವಾಗಿ ಪದಸಂಸ್ಕಾರಕದ ಕಡತಗಳಾಗಿ ರಚಿಸಿಕೊಡುತ್ತವೆ. ಈ ವಿಧಾನ ಬೆಳೆದುಬಂದ ಬಗೆಯನ್ನೂ ಕನ್ನಡ ದಾಖಲೆಗಳ ಉಳಿವಿಗೂ ಅದಕ್ಕೂ ಇರುವ ಸಂಬಂಧವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಒಂದೇ ಪತ್ರವನ್ನು ಹಲವು ವಿಳಾಸಗಳಿಗೆ ಸಿದ್ಧಪಡಿಸುವ ಸೌಲಭ್ಯ ಅಂತರಜಾಲಕ್ಕಿಂತ ಹಿಂದಿನದು. 1978ರಲ್ಲಿ ಬಂದ ವರ್ಡ್‌ಸ್ಟಾರ್ ತಂತ್ರಾಂಶಕ್ಕೆ ಮೇಲ್‌ಮರ್ಜ್ ಎಂಬ ಪೂರಕ ಭಾಗವಿತ್ತು. 1990ರ ದಶಕದಲ್ಲಿ ಅಂತರಜಾಲದ ಪುಟಗಳು ಅರ್ಜಿ ನಮೂನೆಗಳನ್ನು ಸ್ವೀಕರಿಸತೊಡಗಿದಾಗ ಹೊಸ ಸಮಸ್ಯೆ ತಲೆದೋರಿತು. ಎಚ್‌ಟಿಎಂಎಲ್ ಪುಟವು ತೆರೆಯ ಅಗಲಕ್ಕೆ ತಕ್ಕಂತೆ ಹರಡಿಕೊಳ್ಳುತ್ತದೆ. ಅದಕ್ಕೆ ಹಾಳೆಯ ಅಳತೆಯ ಕಲ್ಪನೆ ಮೂಲತಃ ಇರಲಿಲ್ಲ. ಕಚೇರಿಗಾದರೋ ಹಾಳೆ, ಅಂಚು, ಪುಟಸಂಖ್ಯೆ, ಸಹಿಯ ಜಾಗ ಎಲ್ಲವೂ ಬೇಕು. ಕೊನೆಯ ಗಳಿಗೆಯಲ್ಲಿ ಒಂದು ಸಾಲನ್ನು ತಿದ್ದುವ ಅವಕಾಶವೂ ಬೇಕು. ಪಿಡಿಎಫ್ ಮೊದಲ ಅಗತ್ಯವನ್ನು ಪೂರೈಸಿತಾದರೂ ಎರಡನೆಯದನ್ನು ಪೂರೈಸಲಿಲ್ಲ.

ಆರಂಭದಲ್ಲಿ ಮೂರು ದಾರಿಗಳು ಬಳಕೆಗೆ ಬಂದವು. ಮೊದಲನೆಯದು, ಸರ್ವರ್ ಗಣಕದಲ್ಲಿ ವರ್ಡ್ ತಂತ್ರಾಂಶವನ್ನೇ ಚಾಲನೆಗೊಳಿಸಿ ಕಡತ ಬರೆಸುವುದು. ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯೇ ಇದನ್ನು ಬೇಡವೆಂದಿತು. ವರ್ಡ್, ಎದುರಿಗೆ ಕುಳಿತ ಒಬ್ಬ ಬಳಕೆದಾರನಿಗಾಗಿ ರೂಪುಗೊಂಡದ್ದು. ಅದು ಪ್ರಶ್ನೆಯೊಂದನ್ನು ತೆರೆಯ ಮೇಲೆ ತೋರಿ ಉತ್ತರಕ್ಕಾಗಿ ಕಾದು ನಿಂತರೆ, ಸರ್ವರಿನ ಬಳಿ ಉತ್ತರಿಸುವವರೇ ಇರುವುದಿಲ್ಲ. ಎರಡನೆಯದು, ಎಚ್‌ಟಿಎಂಎಲ್ ಪುಟವನ್ನೇ ವರ್ಡ್ ಕಡತವೆಂಬ ಹಣೆಪಟ್ಟಿಯೊಡನೆ ಕಳುಹಿಸುವುದು. ಇದು ಸುಲಭವಾಗಿದ್ದರೂ ಚಿತ್ರಗಳು ಕಡತದೊಳಗೆ ಸೇರದೆ ಕೊಂಡಿಗಳಾಗಿಯೇ ಉಳಿಯುತ್ತಿದ್ದವು. ಮೂರನೆಯದು, 1987ರಲ್ಲಿ ಪ್ರಕಟವಾದ ಆರ್‌ಟಿಎಫ್ ವಿನ್ಯಾಸ. ಅದು ಸಾದಾ ಪಠ್ಯವಾದುದರಿಂದ ಯಾವ ಗಣಕಭಾಷೆಯಲ್ಲಾದರೂ ಬರೆಯಬಹುದಾಗಿತ್ತು. ವರ್ಡ್ 97ರ ಕಾಲದಲ್ಲಿ ಅದಕ್ಕೆ ಯುನಿಕೋಡ್ ಸೇರಿದ ಬಳಿಕ ‘ಕ’ ಅಕ್ಷರವನ್ನು 3221 ಎಂಬ ಸಂಖ್ಯೆಯ ಮೂಲಕ ಸೂಚಿಸುವುದು ಸಾಧ್ಯವಾಯಿತು. ವರ್ಡ್‌ನ ಸ್ವಂತ ದ್ವಿಮಾನ ವಿನ್ಯಾಸವಾದರೋ ಒಂದೇ ಕಡತದೊಳಗೆ ಅಡಗಿದ ಪುಟ್ಟ ಕಡತವ್ಯವಸ್ಥೆಯಂತಿತ್ತು. ಅದರ ವಿವರಣೆ ಎಲ್ಲರಿಗೂ ಮುಕ್ತವಾಗಿ ದೊರೆತದ್ದು 2008ರಲ್ಲಿ.

ಎಕ್ಸ್‌ಎಂಎಲ್ ಆಧಾರಿತ ವಿನ್ಯಾಸಗಳು ಈ ಪರಿಸ್ಥಿತಿಯನ್ನು ಬದಲಿಸಿದವು. ಓಪನ್‌ಡಾಕ್ಯುಮೆಂಟ್ ವಿನ್ಯಾಸವನ್ನು ಓಯಸಿಸ್ ಸಂಸ್ಥೆ 2005ರಲ್ಲಿ ಅಂಗೀಕರಿಸಿತು; 2006ರಲ್ಲಿ ಅದು ಅಂತರರಾಷ್ಟ್ರೀಯ ಶಿಷ್ಟತೆಯಾಯಿತು. ಮೈಕ್ರೋಸಾಫ್ಟ್‌ನ ಆಫೀಸ್ ಓಪನ್ ಎಕ್ಸ್‌ಎಂಎಲ್ 2006ರ ಡಿಸೆಂಬರಿನಲ್ಲಿ ಎಕ್ಮಾ ಸಂಸ್ಥೆಯ ಶಿಷ್ಟತೆಯಾಗಿ, 2008ರಲ್ಲಿ ಅಂತರರಾಷ್ಟ್ರೀಯ ಶಿಷ್ಟತೆಯಾಗಿ ಪ್ರಕಟವಾಯಿತು. ಆರು ಸಾವಿರಕ್ಕೂ ಹೆಚ್ಚು ಪುಟಗಳ ಈ ಎರಡನೆಯ ಪ್ರಸ್ತಾವವನ್ನು ಭಾರತವು 2007ರ ಮತದಾನದಲ್ಲಿ ವಿರೋಧಿಸಿತ್ತು. 2008ರಲ್ಲಿಯೂ ಆ ನಿಲುವನ್ನು ಬದಲಿಸಲಿಲ್ಲ. 2010ರಲ್ಲಿ ಕೇಂದ್ರ ಸರ್ಕಾರವು ವಿದ್ಯುನ್ಮಾನ ಆಡಳಿತಕ್ಕಾಗಿ ಮುಕ್ತ ಶಿಷ್ಟತೆಗಳ ನೀತಿಯನ್ನು ಪ್ರಕಟಿಸಿತು.

ಈ ಎರಡು ವಿನ್ಯಾಸಗಳಲ್ಲಿಯೂ ಕಡತವೆಂದರೆ ಜಿಪ್ ಮಾಡಿದ ಒಂದು ಗಂಟು. ಪಠ್ಯ, ಶೈಲಿ, ಚಿತ್ರಗಳು ಅದರೊಳಗೆ ಬೇರೆಬೇರೆಯಾಗಿರುತ್ತವೆ. ಅನ್ವಯವು ಮಾದರಿ ಕಡತವನ್ನು ಬಿಚ್ಚಿ, ಗುರುತು ಹಾಕಿದ ಜಾಗಗಳಲ್ಲಿ ವಿವರಗಳನ್ನು ತುಂಬಿ ಮತ್ತೆ ಕಟ್ಟುತ್ತದೆ. ಕೇಳಲು ಸರಳವಾದ ಈ ಕ್ರಮದಲ್ಲಿಯೂ ತೊಡಕುಗಳಿವೆ. ಕಣ್ಣಿಗೆ ಒಂದೇ ಪದವಾಗಿ ಕಾಣುವ ಗುರುತನ್ನು ವರ್ಡ್ ತಿದ್ದುಪಡಿಯ ವೇಳೆ ಒಳಗೊಳಗೇ ಎರಡು ಮೂರು ತುಂಡುಗಳಾಗಿಸುವುದುಂಟು. ಆಗ ಅನ್ವಯಕ್ಕೆ ಆ ಗುರುತು ಸಿಕ್ಕುವುದೇ ಇಲ್ಲ. ಕನ್ನಡಕ್ಕೆ ಮತ್ತೊಂದು ತೊಡಕಿದೆ. ವರ್ಡ್ ಕಡತದಲ್ಲಿ ಲ್ಯಾಟಿನ್ ಲಿಪಿಯ ಅಕ್ಷರರೂಪ ಮತ್ತು ಗಾತ್ರಗಳು ಒಂದೆಡೆ, ಕನ್ನಡದಂತಹ ಸಂಕೀರ್ಣ ಲಿಪಿಗಳವು ಇನ್ನೊಂದೆಡೆ ನಮೂದಾಗುತ್ತವೆ. ಮೊದಲನೆಯದನ್ನಷ್ಟೇ ಬರೆದರೆ ಕನ್ನಡದ ಸಾಲು ಬೇರೊಂದು ಗಾತ್ರದಲ್ಲಿ, ಬೇರೊಂದು ಅಕ್ಷರರೂಪದಲ್ಲಿ ಮೂಡುತ್ತದೆ.

ಇದಕ್ಕಿಂತ ಗಂಭೀರವಾದುದು ಅಕ್ಷರಸಂಕೇತದ ಪ್ರಶ್ನೆ. ಕನ್ನಡಕ್ಕೆ 1991ರಲ್ಲಿಯೇ ಯುನಿಕೋಡ್‌ನಲ್ಲಿ 128 ಸ್ಥಾನಗಳು ಮೀಸಲಾಗಿದ್ದವು. ಆದರೆ ವಿಂಡೋಸ್‌ನಲ್ಲಿ ಅದಕ್ಕೆ ಆಸರೆ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಅಲ್ಲಿಯವರೆಗೂ, ಆಮೇಲೂ ಬಹುಕಾಲ, ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು ಕನ್ನಡ ಬರವಣಿಗೆಯನ್ನು ನಡೆಸಿಕೊಂಡು ಬಂದವು. ಅವುಗಳ ಫಾಂಟ್ ಆಧಾರಿತ ಕಡತಗಳಲ್ಲಿ ಗಣಕದ ಪಾಲಿಗೆ ಇದ್ದದ್ದು ಲ್ಯಾಟಿನ್ ಚಿಹ್ನೆಗಳು. ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್. ಹಳೆಯ ಮಾದರಿಪತ್ರವು ಫಾಂಟ್ ಸಂಕೇತದಲ್ಲಿದ್ದು ದತ್ತಸಂಚಯವು ಯುನಿಕೋಡಿನಲ್ಲಿದ್ದರೆ, ಹೊರಬರುವ ಒಂದೇ ಪುಟದಲ್ಲಿ ಎರಡು ಬಗೆಯ ಕನ್ನಡವಿರುತ್ತದೆ. ಶೋಧಿಸಿದಾಗ ಅರ್ಧವಷ್ಟೇ ಸಿಗುತ್ತದೆ. ಪರಿವರ್ತನೆಯಲ್ಲಿಯೂ ಎಚ್ಚರ ಬೇಕು. ಫಾಂಟ್ ಸಂಕೇತದಲ್ಲಿ ಅರ್ಕಾವತ್ತು, ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ. ಯುನಿಕೋಡಿನಲ್ಲಿ ರಕಾರವು ಉಚ್ಚಾರಣೆಯ ಕ್ರಮದಂತೆ ಮೊದಲು ಬರುತ್ತದೆ. ಈ ಸ್ಥಾನಪಲ್ಲಟ ತಪ್ಪಿದರೆ ‘ಸೂರ್ಯ’ ಎಂಬುದು ‘ಸೂಯರ್’ ಆಗುತ್ತದೆ. ವ್ಯಕ್ತಿನಾಮವೊಂದು ಹೀಗೆ ಕೆಟ್ಟರೆ ದಾಖಲೆಯ ಪ್ರಾಮಾಣ್ಯಕ್ಕೇ ಕುಂದು ಬರುತ್ತದೆ.

ಇತಿಹಾಸಕಾರನು ಗಮನಿಸಬೇಕಾದ ಅಂಶ ಇನ್ನೊಂದಿದೆ. ಕಡತದೊಳಗಿನ ಗುಣವಿವರಗಳಲ್ಲಿ ಕರ್ತೃವಿನ ಹೆಸರು, ರಚನೆಯ ದಿನಾಂಕಗಳು ಇರುತ್ತವೆ. ಮಾದರಿಯಿಂದ ಹುಟ್ಟಿದ ಕಡತದಲ್ಲಿ ಅವು ಮಾದರಿಯನ್ನು ರೂಪಿಸಿದವನವೇ ಆಗಿರುವ ಸಂಭವವುಂಟು. ಶಾಸನವನ್ನು ಕಂಡರಿಸಿದ ರೂವಾರಿಯನ್ನು ದಾನಿಯೆಂದು ಯಾರೂ ಭ್ರಮಿಸುವುದಿಲ್ಲ. ಇಲ್ಲಿಯೂ ಅದೇ ವಿವೇಕ ಅಗತ್ಯ.

ಆದ್ದರಿಂದ ಇಂತಹ ದಾಖಲೆಗಳನ್ನು ಸಂಗ್ರಹಿಸುವ ಪತ್ರಾಗಾರಗಳು ಮುದ್ರಿತ ಹಾಳೆಗೆ ತೃಪ್ತವಾಗಬಾರದು. ಕಡತ, ಅದನ್ನು ಹುಟ್ಟಿಸಿದ ಮಾದರಿ, ತುಂಬಿದ ದತ್ತಾಂಶ ಮತ್ತು ಬಳಸಿದ ಫಾಂಟ್ ಇವು ನಾಲ್ಕನ್ನೂ ಒಟ್ಟಿಗೆ ಕಾಯ್ದಿರಿಸಬೇಕಾಗುತ್ತದೆ. ಫಾಂಟ್ ಸಂಕೇತದ ಹಳೆಯ ಕಡತಗಳನ್ನು ಯುನಿಕೋಡಿಗೆ ತಂದ ಮೇಲೂ ಮೂಲಪ್ರತಿಯನ್ನು ಅಳಿಸಬಾರದು; ಪರಿವರ್ತನೆಯಲ್ಲಿ ನುಸುಳಿದ ದೋಷವನ್ನು ತಿದ್ದಲು ಮುಂದಿನ ಸಂಶೋಧಕನಿಗೆ ಆಧಾರವಾಗಿ ಉಳಿಯುವುದು ಆ ಮೂಲಪ್ರತಿಯೇ.